ಹೊಲದ ಅಂಚಿನ ಫೋನು: ಆಮಿಶ್ ಜನರ ದುಡಿಮೆ ಮತ್ತು ಸರಳ ಬದುಕು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಪರದೆ ಕಟ್ಟಿದ್ದಾರೆ, ಪ್ರೊಜೆಕ್ಟರ್ ಕೂಡ ಇಟ್ಟಿದ್ದಾರೆ. ಆದರೆ ಇವತ್ತು ನಾನು ಒಂದು ಫೋಟೋನೂ ತೋರಿಸುವುದಿಲ್ಲ. ನಾನು ಹೇಳಲಿರುವ ಜನಕ್ಕೆ ತಮ್ಮ ಮುಖದ ಫೋಟೋ ತೆಗೆಸಿಕೊಳ್ಳುವುದು ಇಷ್ಟವಿಲ್ಲ. ಮುಖವನ್ನು ಎತ್ತಿ ತೋರಿಸಿಕೊಳ್ಳುವುದು ಹಮ್ಮಿಗೆ ದಾರಿ ಅಂತ ಅವರ ನಂಬಿಕೆ. ಕೆಲವು ವರ್ಷ ನಾನು ಅವರ ಊರುಗಳ ಹತ್ತಿರವೇ ಇದ್ದೆ. ಅವರಿಂದ ತರಕಾರಿ, ಮೊಟ್ಟೆ, ಬ್ರೆಡ್ಡು ಕೊಂಡಿದ್ದೇನೆ. ಊಟದ ಮೇಜು ಮಾಡಿಸಿಕೊಂಡಿದ್ದೇನೆ. ಕ್ಯಾಮೆರಾ ಮಾತ್ರ ಎತ್ತಲಿಲ್ಲ. ಇಲ್ಲಿ ಬಂದು ಇನ್ಯಾರೋ ಕದ್ದು ತೆಗೆದ ಚಿತ್ರ ಹಾಕಿದರೆ ಚೆನ್ನಾಗಿರಲ್ಲ, ಅಲ್ವಾ? ಮಾತಿನಲ್ಲೇ ಕಾಣಿಸಲು ನೋಡುತ್ತೇನೆ.

ಊರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿ. ಜನ ಆಮಿಶರು, ಕ್ರೈಸ್ತರಲ್ಲೇ ಒಂದು ಪಂಗಡ. ಕನ್ನಡದ 'ಆಮಿಷ' ಪದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಯಾಕೋಬ್ ಅಮ್ಮಾನ್ ಅನ್ನುವ ಧರ್ಮಗುರುವಿನ ಹೆಸರಿನಿಂದ ಬಂದದ್ದು ಅದು. ಅವರು ಮನೆಯಲ್ಲಿ ಆಡುವುದು ಜರ್ಮನ್‌ನ ಒಂದು ಹಳ್ಳಿನುಡಿ. ತಮ್ಮವರಲ್ಲದ ಎಲ್ಲರನ್ನೂ ಅವರು 'ಇಂಗ್ಲಿಷ್' ಜನ ಅನ್ನುತ್ತಾರೆ. ಹಾಗಾಗಿ ಅಚ್ಚ ಕನ್ನಡದವನಾದ ನಾನೂ ಅವರ ಲೆಕ್ಕದಲ್ಲಿ ಇಂಗ್ಲಿಷಿನವನೇ.

ಮೇಜಿನ ವಿಷಯದಿಂದಲೇ ಶುರು ಮಾಡುತ್ತೇನೆ. ಮೇಜು ಬೇಕು ಅಂತ ಗೊತ್ತಿದ್ದವರನ್ನು ಕೇಳಿದಾಗ ಒಬ್ಬ ಆಮಿಶ್ ಬಡಗಿಯ ಫೋನ್ ನಂಬರ್ ಕೊಟ್ಟರು. ನನಗೆ ಆಶ್ಚರ್ಯ. ಇವರಿಗೆ ಫೋನ್ ಇಲ್ಲ ಅಂತಲ್ಲವೇ ನಾವು ಕೇಳಿರುವುದು? ನಂಬರ್ ಒತ್ತಿದೆ. ಯಾರೂ ಎತ್ತಲಿಲ್ಲ. ಮೆಸೇಜ್ ಬಿಡಿ ಅನ್ನುವ ಧ್ವನಿ ಕೇಳಿತು. ಬಿಟ್ಟೆ. ಮರುದಿನ ಬೆಳಗ್ಗೆ ಏಳು ಗಂಟೆಗೆ ಅವರೇ ಕರೆ ಮಾಡಿದರು. ಮುಂದೆ ಅವರ ಮನೆಗೆ ಹೋದಾಗ ಆ ಫೋನನ್ನು ನೋಡಿದೆ. ಮನೆಯಿಂದ ನೂರು ಹೆಜ್ಜೆ ಆಚೆ, ಹೊಲದ ಅಂಚಿನಲ್ಲಿ, ಒಬ್ಬರು ನಿಲ್ಲುವಷ್ಟು ಜಾಗದ ಮರದ ಗೂಡು. ಒಳಗೆ ಫೋನು, ಒಂದು ನೋಟ್ ಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಮೂರು ನಾಲ್ಕು ಮನೆಯವರು ಸೇರಿ ಬಳಸುವ ಫೋನದು.

ಆ ಗೂಡಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆಯಿದೆ. 1910ರ ಸುಮಾರಿಗೆ ಲ್ಯಾಂಕಾಸ್ಟರಿನ ಕೆಲವು ಆಮಿಶ್ ಮನೆಗಳಿಗೆ ಫೋನ್ ಬಂದಿತ್ತು. ಆಗ ಒಂದೇ ತಂತಿಯಲ್ಲಿ ಹಲವು ಮನೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಚಾಡಿ ಹುಟ್ಟಿತು, ಮನಸ್ತಾಪ ಬೆಳೆಯಿತು. ಹಿರಿಯರು ಕೂತು ಮಾತಾಡಿದರು. ಮನೆಯೊಳಗೆ ಫೋನ್ ಬೇಡ ಅಂತ ತೀರ್ಮಾನವಾಯಿತು. ಆದರೆ ರಾತ್ರಿ ಯಾರಿಗೋ ಎದೆನೋವು ಬಂದರೆ? ದನ ಕಾಯಿಲೆ ಬಿದ್ದರೆ? ಆ ಕಷ್ಟವೂ ನಿಜವೇ. ಹಾಗಾಗಿ ಮುಂದಿನ ದಶಕಗಳಲ್ಲಿ ಫೋನನ್ನು ಹೊಲದ ಅಂಚಿನಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ಅಲ್ಲಿಂದ ಡಾಕ್ಟರನ್ನು ಕರೆಯಬಹುದು, ಮೇವಿಗೆ ಆರ್ಡರ್ ಕೊಡಬಹುದು. ಊಟದ ನಡುವೆ ಅದು ರಿಂಗಾಗುವುದಿಲ್ಲ. ಚಳಿಯಲ್ಲಿ ನಿಂತುಕೊಂಡು ಯಾರೂ ಗಂಟೆಗಟ್ಟಲೆ ಹರಟುವುದಿಲ್ಲ. ಗೆಳೆಯನ ಜೊತೆ ಮಾತಾಡಬೇಕು ಅನ್ನಿಸಿದರೆ ಎದ್ದು ಅವನ ಮನೆಗೇ ಹೋಗಬೇಕು.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಆ ಗೂಡಿನಲ್ಲಿದೆ. ಯಂತ್ರ ಪಾಪ ಅಂತ ಆಮಿಶರು ಎಲ್ಲೂ ಹೇಳುವುದಿಲ್ಲ. ಹೊಸದೊಂದು ಬಂದಾಗ ಅವರು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಇದು ಬಂದ ಮೇಲೆ ಪಕ್ಕದ ಮನೆಯವನು ನನಗೆ ಇನ್ನೂ ಬೇಕಾಗುತ್ತಾನಾ? ನಾನು ಅವನಿಗೆ ಬೇಕಾಗುತ್ತೇನಾ? ಬೇಕಾಗುವುದಿಲ್ಲ ಅನ್ನಿಸಿದರೆ ಆ ವಸ್ತು ಎಷ್ಟೇ ಅನುಕೂಲವಾಗಿದ್ದರೂ ಬೇಡ. ಇಲ್ಲವೇ ಅದನ್ನು ಸ್ವಲ್ಪ ದೂರದಲ್ಲಿಡು, ಸ್ವಲ್ಪ ಕಷ್ಟವಾಗುವ ಹಾಗೆ ಮಾಡು.

ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಕೆಲವರು ಒಂದು ಮಾತು ಹೇಳಿದರು. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸಿದರೆ ಅರ್ಥವಿಲ್ಲ, ಬುದ್ಧಿ ಬಂದ ಮೇಲೆ ಮನುಷ್ಯ ತಾನೇ ಒಪ್ಪಿ ಪಡೆಯಬೇಕು. ಇಷ್ಟಕ್ಕೇ ಅವರನ್ನು ಬೇಟೆಯಾಡಿದರು. ನೀರಿನಲ್ಲಿ ಮುಳುಗಿಸಿದರು, ಸುಟ್ಟರು. ಉಳಿದವರು ಬೆಟ್ಟದ ಕಡೆ ಹೋಗಿ ಒಕ್ಕಲುತನ ಹಿಡಿದರು, ಮನೆಗಳಲ್ಲೇ ಕದ್ದು ಪ್ರಾರ್ಥನೆ ಮಾಡಿದರು. 1693ರಲ್ಲಿ ಅವರೊಳಗೇ ಒಡಕಾಗಿ ಅಮ್ಮಾನ್ ಹಿಂದೆ ಹೋದವರು ಆಮಿಶರಾದರು. 18ನೇ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಅಲ್ಲಿ ಧರ್ಮದ ವಿಷಯದಲ್ಲಿ ಯಾರೂ ಕಾಟ ಕೊಡುತ್ತಿರಲಿಲ್ಲ. ಯುರೋಪಿನಲ್ಲಿ ಈಗ ಒಂದೂ ಆಮಿಶ್ ಸಭೆ ಉಳಿದಿಲ್ಲ. ಅಮೆರಿಕದಲ್ಲಿ 1900ರ ಸುಮಾರಿಗೆ ಕೆಲವೇ ಸಾವಿರ ಇದ್ದವರು ಈಗ 4 ಲಕ್ಷದಷ್ಟಿದ್ದಾರೆ. ಸುಮಾರು 20 ವರ್ಷಕ್ಕೊಮ್ಮೆ ಅವರ ಸಂಖ್ಯೆ ಎರಡರಷ್ಟಾಗುತ್ತಿದೆ. ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ, ಈ ಮೂರು ರಾಜ್ಯಗಳಲ್ಲೇ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ.

ಈಗ ಹೊಲಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು.

ಲ್ಯಾಂಕಾಸ್ಟರಿನಲ್ಲಿ ಉಳುವುದು ಹೇಸರಗತ್ತೆಗಳಿಂದ. ನಾಲ್ಕೋ ಆರೋ ಹೇಸರಗತ್ತೆಗಳನ್ನು ಸಾಲಾಗಿ ಕಟ್ಟಿ ಒಬ್ಬ ಹುಡುಗ ನಿಂತುಕೊಂಡು ಹೊಡೆಯುತ್ತಿರುತ್ತಾನೆ. ಬೆಳೆ ಮೆಕ್ಕೆಜೋಳ, ಕುದುರೆಮೆಂತೆ, ಸ್ವಲ್ಪ ಹೊಗೆಸೊಪ್ಪು. ಜೊತೆಗೆ ಹೈನು. 1920ರ ದಶಕದಲ್ಲಿ ಟ್ರ್ಯಾಕ್ಟರ್ ಬಂದಾಗ ಹೊಲಕ್ಕೆ ಅದು ಬೇಡ ಅಂದರು. ಕಾರಣ ಸರಳ. ಟ್ರ್ಯಾಕ್ಟರ್ ಇದ್ದವನು ಒಬ್ಬನೇ ಹತ್ತು ಜನರ ಕೆಲಸ ಮಾಡುತ್ತಾನೆ. ಆಮೇಲೆ ಅದಕ್ಕೆ ಮಾಡಿದ ಸಾಲ ತೀರಿಸಲು ಇನ್ನಷ್ಟು ಜಮೀನು ಬೇಕಾಗುತ್ತದೆ. ಆ ಜಮೀನು ಪಕ್ಕದವನದ್ದೇ. ಪಕ್ಕದವನು ಊರು ಬಿಡುತ್ತಾನೆ. ಮನೆಯ ಮಕ್ಕಳಿಗೂ ಕೆಲಸವಿರುವುದಿಲ್ಲ, ಅವರೂ ಪಟ್ಟಣಕ್ಕೆ ಹೋಗುತ್ತಾರೆ. ನಮ್ಮ ಕಡೆ ಆದದ್ದನ್ನೇ ಯಾರೋ ಮೊದಲೇ ಕಂಡು ಹೇಳಿದ ಹಾಗಿದೆ, ಅಲ್ವಾ?

ಆದರೆ ಕೊಟ್ಟಿಗೆಯ ಅಂಗಳದಲ್ಲಿ ಟ್ರ್ಯಾಕ್ಟರ್ ಇರಬಹುದು. ಬೆಲ್ಟ್ ಹಾಕಿ ಅದರಿಂದ ಮೇವು ಕತ್ತರಿಸುವ ಯಂತ್ರ ಓಡಿಸಬಹುದು. ಹೊಲಕ್ಕೆ ಇಳಿಸುವಂತಿಲ್ಲ, ಅಷ್ಟೇ. ಇನ್ನೂ ಒಂದು ನೋಟವಿದೆ. ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರಕ್ಕೆ ಪೆಟ್ರೋಲ್ ಇಂಜಿನ್ ಕೂರಿಸಿರುತ್ತಾರೆ. ಆ ಇಂಜಿನ್ ಪೆಂಡಿ ಕಟ್ಟುತ್ತದೆ. ಯಂತ್ರವನ್ನು ಎಳೆಯುವುದು ಮಾತ್ರ ಹೇಸರಗತ್ತೆಗಳೇ. ಮೊದಲ ಸಲ ಕಂಡವರು ಇದೇನು ಒಂದಕ್ಕೊಂದು ಕೂಡಿಬರುತ್ತಿಲ್ಲವಲ್ಲ ಅಂತಾರೆ. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಹೇಸರಗತ್ತೆ ಇರುವವರೆಗೆ ಹೊಲ ಒಂದು ಅಳತೆಗಿಂತ ದೊಡ್ಡದಾಗುವುದಿಲ್ಲ. ಸುಮಾರು 50-60 ಎಕರೆ, ಒಂದು ಸಂಸಾರ ನೋಡಿಕೊಳ್ಳುವಷ್ಟು. ಅಳತೆಯನ್ನು ಪ್ರಾಣಿಯ ಕೈಗೆ ಕೊಟ್ಟಿದ್ದಾರೆ. ಪ್ರಾಣಿ ದಣಿದರೆ ಮನುಷ್ಯನೂ ನಿಲ್ಲಬೇಕು.

ಕರೆಂಟಿನ ಕಥೆಯೂ ಇದೇ ಜಾಡಿನದು. 1920ರ ಸುಮಾರಿಗೆ ಅವರು ಬೀದಿಯ ವಿದ್ಯುತ್ ತಂತಿಯನ್ನು ಮನೆಗೆ ಎಳೆಸಬಾರದು ಅಂದರು. ಬ್ಯಾಟರಿಗೆ ಅಡ್ಡಿಯಿಲ್ಲ, ಡೀಸೆಲ್ ಇಂಜಿನ್ನಿಗೂ ಅಡ್ಡಿಯಿಲ್ಲ. ತಂತಿ ಬೇಡ. ತಂತಿಯ ಹಿಂದೆಯೇ ಹೊರಗಿನ ಲೋಕ ನಡುಮನೆಗೆ ಬಂದು ಕೂರುತ್ತದೆ ಅನ್ನುವ ಅಂಜಿಕೆ. ರೇಡಿಯೋ, ಟಿವಿ ಬಂದಾಗ ಆ ಅಂಜಿಕೆ ಸುಮ್ನೆ ಹುಟ್ಟಿದ್ದಲ್ಲ ಅಂತ ಅವರಿಗೇ ಅನ್ನಿಸಿರಬೇಕು. ಆದರೆ 1960ರ ದಶಕದಲ್ಲಿ ಇಕ್ಕಟ್ಟು ಬಂತು. ಹಾಲಿನ ಕಂಪನಿಗಳು ಕ್ಯಾನಿನ ಹಾಲು ಬೇಡ, ದೊಡ್ಡ ಟ್ಯಾಂಕಿನಲ್ಲಿ ತಂಪು ಮಾಡಿ ಇಟ್ಟರೆ ಮಾತ್ರ ಕೊಳ್ಳುತ್ತೇವೆ ಅಂದವು. ಹಾಲು ಹೋದರೆ ಜೀವನವೇ ಹೋಯಿತು. ಆಮಿಶ್ ಧರ್ಮಗುರುಗಳಾದ ಬಿಷಪ್‌ಗಳು ಕಂಪನಿಯವರ ಜೊತೆ ಕೂತು ಮಾತಾಡಿದರು. ತಂಪು ಮಾಡಲು ಡೀಸೆಲ್ ಇಂಜಿನ್. ಹಾಲು ಕದಡುವ ಸಣ್ಣ ಮೋಟಾರಿಗೆ 12 ವೋಲ್ಟಿನ ಬ್ಯಾಟರಿ. ಭಾನುವಾರ ಹಾಲು ತೆಗೆದುಕೊಳ್ಳಲು ಲಾರಿ ಬರಕೂಡದು. ಈ ಮೂರಕ್ಕೂ ಒಪ್ಪಂದವಾಯಿತು. ನನಗೆ ಮೆಚ್ಚುಗೆಯಾದದ್ದು ಕೊನೆಯ ಮಾತು. ಹೊಟ್ಟೆಪಾಡಿನ ವ್ಯವಹಾರಕ್ಕೆ ಕೂತಾಗಲೂ ಭಾನುವಾರವನ್ನು ಅವರು ಮಾರಲಿಲ್ಲ.

ನನ್ನ ಬಡಗಿಯ ಅಂಗಡಿಯಲ್ಲೂ ಇದೇ ಏರ್ಪಾಡು. ಹೊರಗೆ ಡೀಸೆಲ್ ಇಂಜಿನ್ ಓಡುತ್ತಿರುತ್ತದೆ. ಅದು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ನಮ್ಮ ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೋಡಿದ್ದೀರಲ್ಲ, ಹಾಗೆ. ಆ ಗಾಳಿಯ ಒತ್ತಡದಿಂದಲೇ ಡ್ರಿಲ್ಲು, ಉಜ್ಜುವ ಯಂತ್ರ ಎಲ್ಲ ನಡೆಯುತ್ತವೆ. ಅಡುಗೆಮನೆಯ ಮಿಕ್ಸಿ, ಹೊಲಿಗೆ ಯಂತ್ರ ಕೂಡ ಎಷ್ಟೋ ಮನೆಗಳಲ್ಲಿ ಗಾಳಿಯಿಂದಲೇ ಓಡುತ್ತವೆ. ಅಲ್ಲಿನವರು ಅದನ್ನು ಆಮಿಶ್ ಕರೆಂಟು ಅಂತಲೇ ಕರೆಯುತ್ತಾರೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಕೇಳಿದರು, "ಹಾಗಾದ್ರೆ ಬಟ್ಟೆ ಒಗೆಯೋದು ಕೈಯಲ್ಲೇನಾ?" ಅಲ್ಲ. ಹಳೆ ಕಾಲದ, ಉರುಳೆಗಳ ನಡುವೆ ಬಟ್ಟೆ ಹಿಂಡುವ ಯಂತ್ರವಿದೆ. ಅದಕ್ಕೆ ಸಣ್ಣ ಇಂಜಿನ್ ಇಲ್ಲವೇ ಗಾಳಿ. ಸೋಮವಾರ ಒಗೆಯುವ ದಿನ. ಆವತ್ತು ಆ ಊರುಗಳಲ್ಲಿ ಓಡಾಡಿದರೆ ಮನೆಯಿಂದ ಕೊಟ್ಟಿಗೆಯ ಮಾಡಿನವರೆಗೆ ಎತ್ತರದಲ್ಲಿ ಹಗ್ಗ, ಅದರ ತುಂಬ ನೀಲಿ, ನೇರಳೆ, ಹಸಿರು, ಕಪ್ಪು ಬಟ್ಟೆ. ಹೂವಿಲ್ಲ, ಗೆರೆಯಿಲ್ಲ, ಒಂದೇ ಬಣ್ಣದ ಬಟ್ಟೆಗಳು. ಏಳೆಂಟು ಮಕ್ಕಳ ಮನೆಯಲ್ಲಿ ಅದು ಬೆಳಗಿನ ಜಾವ ಶುರುವಾಗುವ ಕೆಲಸ. ಹೆಂಗಸರ ದುಡಿಮೆ ಅಲ್ಲಿಗೆ ಮುಗಿಯುವುದಿಲ್ಲ. ಹಿತ್ತಲಲ್ಲಿ ಬೆಳೆದ ಟೊಮೆಟೊ, ಬೀನ್ಸ್, ಪೀಚ್ ಹಣ್ಣನ್ನೆಲ್ಲ ಬೇಸಿಗೆಯಲ್ಲಿ ಗಾಜಿನ ಜಾಡಿಗಳಿಗೆ ತುಂಬಿ ಚಳಿಗಾಲಕ್ಕೆ ಇಡಬೇಕು. ನೂರಾರು ಜಾಡಿ. ಚಳಿಗಾಲದಲ್ಲಿ ನಮ್ಮ ಕೌದಿಯ ಹಾಗೆ ತುಂಡುಬಟ್ಟೆ ಸೇರಿಸಿ ಹೊದಿಕೆ ಹೊಲಿಯುತ್ತಾರೆ. ಚೌಕಟ್ಟಿನ ಸುತ್ತ ಎಂಟು ಹತ್ತು ಜನ ಕೂತು, ಮಾತಾಡುತ್ತ, ಒಂದೇ ಕೌದಿಗೆ ಎಲ್ಲರೂ ಸೂಜಿ ಹಾಕುತ್ತಾರೆ.

ಈ ಸೇರಿ ಮಾಡುವ ಕೆಲಸಕ್ಕೆ ಅವರು ಇಂಗ್ಲಿಷಿನಲ್ಲಿ 'ಫ್ರಾಲಿಕ್' ಅನ್ನುತ್ತಾರೆ. ಆ ಪದದ ಅರ್ಥ ಆಟ, ನಲಿವು. ಗೋಡೆಗೆ ಬಣ್ಣ ಹೊಡೆಯುವುದಿರಲಿ, ಹೊಸ ದಂಪತಿಯ ಮನೆಗೆ ಮಾಡು ಹಾಕುವುದಿರಲಿ, ಕರೆ ಹೋದರೆ ಜನ ಬರುತ್ತಾರೆ. ಕೂಲಿಯಿಲ್ಲ, ಊಟವಿದೆ.

ದೊಡ್ಡ ಫ್ರಾಲಿಕ್ ಅಂದರೆ ಕೊಟ್ಟಿಗೆ ಎತ್ತುವುದು. ಕೊಟ್ಟಿಗೆ ಅಂದರೆ ನಮ್ಮ ದನದ ಕೊಟ್ಟಿಗೆಯಷ್ಟೇ ಅಲ್ಲ. ಕೆಳಗೆ ದನ, ಮೇಲೆ ಹುಲ್ಲು, ಪಕ್ಕದಲ್ಲಿ ಕಾಳು. ಮೂರು ಅಂತಸ್ತಿನಷ್ಟು ಎತ್ತರದ ಮರದ ಕಟ್ಟಡ. ಸಿಡಿಲಿಗೋ ಬೆಂಕಿಗೋ ಅದು ಉರಿದುಹೋದರೆ ಸಂಸಾರವೇ ಬೀದಿಗೆ ಬಂದ ಹಾಗೆ. ಆದರೆ ಬೂದಿ ಆರುವ ಮೊದಲೇ ಜನ ಸಲಿಕೆ ಹಿಡಿದು ಬಂದಿರುತ್ತಾರೆ. ಕೆಲವು ದಿನದಲ್ಲಿ ಜಾಗ ಚೊಕ್ಕ. ಮರ ಬರುತ್ತದೆ. ಗೊತ್ತಾದ ದಿನ ಬೆಳಗ್ಗೆ ನೂರಾರು ಗಂಡಸರು ಸುತ್ತಿಗೆ ಹಿಡಿದು ಇಳಿಯುತ್ತಾರೆ. ಅನುಭವವಿರುವ ಒಬ್ಬ ಮುಖ್ಯ ಬಡಗಿ ನಿಂತು ಕೂಗಿ ಹೇಳುತ್ತಾನೆ. ಮಧ್ಯಾಹ್ನದೊಳಗೆ ಅಸ್ಥಿಪಂಜರ ನಿಂತಿರುತ್ತದೆ, ಸಂಜೆಗೆ ಮಾಡು ಹೊದಿಸಿಯಾಗಿರುತ್ತದೆ. ಹತ್ತು ವರ್ಷದ ಹುಡುಗರು ಮೊಳೆ ಕೊಡುತ್ತ ಓಡಾಡುತ್ತಿರುತ್ತಾರೆ. ಮುಂದೆ ಮಾಡಿನ ಮೇಲೆ ಕೂರುವವರು ಇವರೇ.

ನಮ್ಮಲ್ಲಿ ಮುಯ್ಯಾಳು ಅಂತ ಇತ್ತು. ಈಗಲೂ ಅಲ್ಲಲ್ಲಿ ಇದೆ. ಇವತ್ತು ನನ್ನ ಗದ್ದೆ ನಾಟಿಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ. ಇಲ್ಲಿ ಕೂತ ಹಿರಿಯರಲ್ಲಿ ಬಹಳ ಜನ ತಲೆಯಾಡಿಸಿದಿರಿ. ಆದರೆ ಮುಯ್ಯಿಗೆ ಲೆಕ್ಕವಿರುತ್ತದೆ. ಎಷ್ಟು ಆಳು ಬಂದರೋ ಅಷ್ಟು ಆಳು ಹೋಗಬೇಕು. ಆಮಿಶರ ಕೊಟ್ಟಿಗೆಗೆ ಆ ಲೆಕ್ಕವೇ ಇಲ್ಲ. ಮಕ್ಕಳಿಲ್ಲದ ಮುದುಕನ ಕೊಟ್ಟಿಗೆಗೂ ಅಷ್ಟೇ ಜನ ಬರುತ್ತಾರೆ. ಸಾವಿನ ಮನೆಯಲ್ಲೂ ಹೀಗೇ. ಮನೆಯವರು ಆ ದಿನಗಳಲ್ಲಿ ಒಂದು ಕೆಲಸವನ್ನೂ ಮುಟ್ಟುವ ಹಾಗಿಲ್ಲ. ಹಾಲು ಕರೆಯುವವರು, ಅಡುಗೆ ಮಾಡುವವರು, ಕೈಯಿಂದಲೇ ಗುಂಡಿ ತೋಡುವವರು, ಎಲ್ಲ ನೆರೆಯವರೇ.

ಹೀಗೆ ಬದುಕುವವರಿಗೆ ವಿಮೆ ಬೇಕಾಗಲಿಲ್ಲ. ಪಿಂಚಣಿಯೂ ಬೇಕಾಗಲಿಲ್ಲ. ಇದರಿಂದ ಸರ್ಕಾರದ ಜೊತೆ ದೊಡ್ಡ ತಿಕ್ಕಾಟವಾಯಿತು. 1955ರಿಂದ ಅಮೆರಿಕದಲ್ಲಿ ರೈತರೂ ಸೋಶಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಬೇಕಾಯಿತು. ವಯಸ್ಸಾದ ಮೇಲೆ ಸರ್ಕಾರ ಪಿಂಚಣಿ ಕೊಡುವ ಯೋಜನೆ ಅದು. ಆಮಿಶರು ಬೇಡ ಅಂದರು. ನಮಗೆ ನಿಮ್ಮ ಪಿಂಚಣಿಯೂ ಬೇಡ, ಅದಕ್ಕೆ ಹಣವೂ ಕೊಡುವುದಿಲ್ಲ, ನಮ್ಮ ಮುದುಕರನ್ನು ನಾವು ನೋಡಿಕೊಳ್ಳುತ್ತೇವೆ. 1961ರಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಆಮಿಶ್ ರೈತ ಹೊಲ ಉಳುತ್ತಿದ್ದಾಗಲೇ ತೆರಿಗೆ ಅಧಿಕಾರಿಗಳು ಬಂದು ಅವನ ಮೂರು ಕುದುರೆಗಳನ್ನು ಬಿಚ್ಚಿಕೊಂಡು ಹೋಗಿ ಹರಾಜು ಹಾಕಿದರು. ದೇಶದ ಪತ್ರಿಕೆಗಳೆಲ್ಲ ಕೂಗಿದವು. 1965ರಲ್ಲಿ ಸ್ವಂತ ದುಡಿಮೆ ಮಾಡುವ ಆಮಿಶರಿಗೆ ಆ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ, ಅದಕ್ಕೇ ಹೇಳುತ್ತೇನೆ. ಆದಾಯ ತೆರಿಗೆ, ಆಸ್ತಿ ತೆರಿಗೆ ಎಲ್ಲವನ್ನೂ ಅವರು ಕಟ್ಟುತ್ತಾರೆ. ತಮ್ಮ ಮಕ್ಕಳು ಹೋಗದ ಸರ್ಕಾರಿ ಶಾಲೆಗಳ ತೆರಿಗೆಯನ್ನೂ ಕಟ್ಟುತ್ತಾರೆ.

ಮುದುಕರನ್ನು ನೋಡಿಕೊಳ್ಳುವ ಮಾತು ಬರೀ ಮಾತಲ್ಲ. ಮಗ ಜಮೀನು ವಹಿಸಿಕೊಂಡ ಮೇಲೆ ಅಪ್ಪ ಅಮ್ಮ ಅದೇ ಅಂಗಳದಲ್ಲಿ, ದೊಡ್ಡ ಮನೆಗೆ ಅಂಟಿದ ಚಿಕ್ಕ ಮನೆಗೆ ಹೋಗುತ್ತಾರೆ. 'ಅಜ್ಜನ ಮನೆ' ಅಂತಲೇ ಅದರ ಹೆಸರು. ಕೆಲಸದಿಂದ ಅವರನ್ನು ಯಾರೂ ಬಿಡಿಸುವುದಿಲ್ಲ. ಅಜ್ಜ ಅಂಗಡಿಗೆ ಬಂದು ಮರಕ್ಕೆ ಉಪ್ಪುಕಾಗದ ಉಜ್ಜುತ್ತಾರೆ, ಅಜ್ಜಿ ಬೀನ್ಸ್ ಬಿಡಿಸುತ್ತಾರೆ. ಮೊಮ್ಮಕ್ಕಳು ಅವರ ಕಾಲಬುಡದಲ್ಲಿ.

ಬಟ್ಟೆಬರೆ, ಗಾಡಿಗಳ ಬಗ್ಗೆ ಎಲ್ಲರಿಗೂ ಕುತೂಹಲ. ಗಂಡಸರು ಮದುವೆಯಾದ ಮೇಲೆ ಗಡ್ಡ ಬಿಡುತ್ತಾರೆ, ಮೀಸೆ ಬಿಡುವುದಿಲ್ಲ. ಮೀಸೆ ಅಂದರೆ ಅವರಿಗೆ ಯುರೋಪಿನ ಸಿಪಾಯಿಗಳ ನೆನಪು. ಹೆಂಗಸರ ತಲೆಗೆ ಬಿಳಿ ಟೋಪಿ. ಲ್ಯಾಂಕಾಸ್ಟರಿನ ಕುದುರೆಗಾಡಿ ಬೂದು ಬಣ್ಣದ್ದು, ಒಹಾಯೊದಲ್ಲಿ ಕಪ್ಪು. ಕಾರು ಹತ್ತಬಹುದು, ಬಾಡಿಗೆಗೆ ಕರೆಯಬಹುದು, ಇಟ್ಟುಕೊಳ್ಳುವಂತಿಲ್ಲ. ಇವೆಲ್ಲ ಊರಿಂದೂರಿಗೆ ಬೇರೆ. ಇಂಡಿಯಾನಾದ ಉತ್ತರ ಭಾಗದಲ್ಲಿ ಸೈಕಲ್ ತುಳಿಯುತ್ತಾರೆ. ಲ್ಯಾಂಕಾಸ್ಟರಿನಲ್ಲಿ ಸೈಕಲ್ ಇಲ್ಲ, ಒಂದು ಕಾಲಿನಿಂದ ತಳ್ಳಿಕೊಂಡು ಹೋಗುವ ಸ್ಕೂಟರ್ ಇದೆ. ಮನೆಯೊಳಗೆ ನಲ್ಲಿ ಕೂಡ ಬೇಡ ಅನ್ನುವ ಕಟ್ಟುನಿಟ್ಟಿನ ಗುಂಪುಗಳೂ ಇವೆ.

ಇವನ್ನೆಲ್ಲ ಯಾರು ತೀರ್ಮಾನಿಸುತ್ತಾರೆ? 25ರಿಂದ 40 ಮನೆ ಸೇರಿದರೆ ಒಂದು ಸಭೆ. ಅದಕ್ಕೆ ಗುಡಿಯಿಲ್ಲ, ಚರ್ಚಿಲ್ಲ. ಎರಡು ವಾರಕ್ಕೊಂದು ಭಾನುವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳು ಒಂದು ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ಜನ ಜಾಸ್ತಿಯಾಗಿ ಮನೆಯಲ್ಲಿ ಹಿಡಿಸದಾದಾಗ ಸಭೆ ಎರಡಾಗುತ್ತದೆ. ಬೋಧಕರಿಗೆ ಸಂಬಳವಿಲ್ಲ, ಅವರೂ ಹೊಲದವರೇ, ಬಡಗಿಗಳೇ. ಅವರನ್ನು ಆರಿಸುವುದು ಚೀಟಿ ಎತ್ತಿ. ಜನ ಸೂಚಿಸಿದ ಗಂಡಸರ ಮುಂದೆ ಹಾಡಿನ ಪುಸ್ತಕಗಳನ್ನು ಇಡುತ್ತಾರೆ. ಒಂದರೊಳಗೆ ಚೀಟಿಯಿರುತ್ತದೆ. ಯಾರು ಆ ಪುಸ್ತಕ ಎತ್ತಿದರೋ ಜೀವನಪೂರ್ತಿ ಆ ಹೊಣೆ ಅವರದು. ಎಷ್ಟೋ ಸಲ ಚೀಟಿ ಸಿಕ್ಕವನ ಮನೆಯವರು ಅಳುತ್ತಾರೆ. ಅದು ಪದವಿಯಾಗಿ ಕಾಣುವುದಿಲ್ಲ, ಭಾರವಾಗಿ ಕಾಣುತ್ತದೆ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಪ್ರಭುಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ಅದಕ್ಕೆ ಮೊದಲು ಸಭೆ ಸೇರಿ ತಮ್ಮ ಕಟ್ಟಳೆಗಳನ್ನು ನೆನಪಿಸಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ಒಪ್ಪಬೇಕು. ಮನಸ್ತಾಪ ಉಳಿದಿದ್ದರೆ ಪ್ರಭುಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ.

ಇನ್ನು ಶಾಲೆ. ಒಂದೇ ಕೋಣೆ, ಎಂಟು ತರಗತಿ, ಸುಮಾರು ಮೂವತ್ತು ಮಕ್ಕಳು. ಕಲಿಸುವವಳು ಸಾಮಾನ್ಯವಾಗಿ ಮದುವೆಯಾಗದ ಆಮಿಶ್ ಹುಡುಗಿ, ತಾನೂ ಎಂಟರವರೆಗೆ ಓದಿದವಳು. ಎಂಟು ಮುಗಿದರೆ ಓದು ಮುಗಿಯಿತು. ಮುಂದಿನದನ್ನು ಹೊಲ, ಅಂಗಡಿ, ಅಡುಗೆಮನೆ ಕಲಿಸುತ್ತವೆ. ಸರ್ಕಾರ ಇದನ್ನು ಒಪ್ಪಲಿಲ್ಲ. 1965ರಲ್ಲಿ ಅಯೋವಾ ರಾಜ್ಯದಲ್ಲಿ ಅಧಿಕಾರಿಗಳು ಆಮಿಶ್ ಮಕ್ಕಳನ್ನು ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಕರೆದೊಯ್ಯಲು ಬಂದರು. ಮಕ್ಕಳು ಹೆದರಿ ಮೆಕ್ಕೆಜೋಳದ ಹೊಲಕ್ಕೆ ಓಡಿದರು. ಅಲ್ಲಿದ್ದ ಪತ್ರಕರ್ತರು ಆ ಫೋಟೋ ತೆಗೆದರು. ಅದು ದೇಶದ ತುಂಬ ಅಚ್ಚಾಯಿತು, ಜನರ ಮನಸ್ಸು ಕರಗಿತು. ಫೋಟೋ ಬೇಡ ಅನ್ನುವ ಜನಕ್ಕೆ ಆವತ್ತು ಒಂದು ಫೋಟೋ ನೆರವಾಯಿತು. ಮುಂದೆ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಕಳಿಸದ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿತ್ತು. ಆ ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಗಿ 1972ರಲ್ಲಿ ತೀರ್ಪು ಆಮಿಶರ ಪರವಾಗಿ ಬಂತು.

ಆದರೆ ಆ ತೀರ್ಪಿನಲ್ಲೇ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಒಂದು ಪ್ರಶ್ನೆ ಎತ್ತಿದರು. ತಂದೆಯರ ಮಾತು ಕೇಳಿದೆವು. ಮಗುವನ್ನು ಕೇಳಿದೆವಾ? ಅದಕ್ಕೆ ಪಿಯಾನೋ ನುಡಿಸುವ ಆಸೆ ಇರಬಹುದು, ಆಕಾಶಯಾನಿಯಾಗುವ ಆಸೆ ಇರಬಹುದು.

ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಅಲ್ಲಿನ ಮಕ್ಕಳು ಕೆಲಸ ಕಲಿಯುವ ರೀತಿ ಚಂದ. ಹನ್ನೆರಡು ವರ್ಷದ ಹುಡುಗಿ ಮನೆಮುಂದಿನ ತರಕಾರಿ ಅಂಗಡಿಯಲ್ಲಿ ಲೆಕ್ಕ ತಪ್ಪದೆ ಚಿಲ್ಲರೆ ಕೊಡುತ್ತಾಳೆ, ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ತಾನು ಮನೆಗೆ ಬೇಕಾದವಳು ಅನ್ನುವುದು ಅವಳಿಗೆ ಗೊತ್ತು. ಆದರೆ ಅವಳಿಗೆ ಡಾಕ್ಟರ್ ಆಗಬೇಕು ಅನ್ನಿಸಿದರೆ? ಅಲ್ಲಿದ್ದುಕೊಂಡು ಆಗುವುದಿಲ್ಲ. ಹೆಣ್ಣು ಸಭೆಯ ಬೋಧಕಿಯಾಗುವುದಿಲ್ಲ, ಬಿಷಪ್ ಆಗುವುದಿಲ್ಲ. ದೀಕ್ಷೆ ಪಡೆಯುವ ಮೊದಲು, ಅಂದರೆ ಇಪ್ಪತ್ತರ ಆಸುಪಾಸಿನವರೆಗೆ, ಬಿಟ್ಟುಹೋದರೆ ದಾರಿ ತೆರೆದಿರುತ್ತದೆ. ದೀಕ್ಷೆಯಾದ ಮೇಲೆ ಬಿಟ್ಟರೆ ಬಹಿಷ್ಕಾರ. ಅಮ್ಮನ ಮನೆಗೆ ಬಂದರೂ ಬೇರೆ ಮೇಜಿನಲ್ಲಿ ಊಟ. ಎಂಟನೇ ತರಗತಿಯ ಓದನ್ನಷ್ಟೇ ಹಿಡಿದು ಹೊರಗಿನ ಲೋಕಕ್ಕೆ ಕಾಲಿಟ್ಟವರ ಕಷ್ಟ ಸಣ್ಣದಲ್ಲ. ಮಕ್ಕಳ ಮೇಲಿನ ದೌರ್ಜನ್ಯವನ್ನು ಪೊಲೀಸರಿಗೆ ಹೇಳದೆ ಸಭೆಯೊಳಗೇ ಕ್ಷಮೆ ಕೇಳಿಸಿ ಮುಗಿಸಿದ ಪ್ರಕರಣಗಳೂ ಆಮೇಲೆ ನ್ಯಾಯಾಲಯಕ್ಕೆ ಬಂದಿವೆ. ಒಬ್ಬರಿಗೊಬ್ಬರು ಬಿಗಿಯಾಗಿ ಬೇಕಾಗಿರುವ ಊರಿನಲ್ಲಿ ಬಾಯಿ ಬಿಡುವುದು ಎಷ್ಟು ಕಷ್ಟ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ನಾನು ಆ ಜನರನ್ನು ತುಂಬ ಗೌರವಿಸುತ್ತೇನೆ. ಗೌರವವಿದೆ ಅಂತ ಇದನ್ನು ಮುಚ್ಚಿಡಲು ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ಅಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 85ರಷ್ಟು ಅಥವಾ ಇನ್ನೂ ಹೆಚ್ಚು ಮಂದಿ ದೀಕ್ಷೆ ಪಡೆದು ಉಳಿಯುತ್ತಾರೆ. ಹೆದರಿಕೆಯಿಂದಷ್ಟೇ ಅಷ್ಟು ಜನ ಉಳಿಯುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಜನ ಹೆಚ್ಚಿದ ಹಾಗೆ ಜಮೀನು ಸಾಲದಾಯಿತು. ಲ್ಯಾಂಕಾಸ್ಟರ್ ಸುತ್ತ ಬಡಾವಣೆಗಳು ಬೆಳೆದವು, ಎಕರೆಯ ಬೆಲೆ ಏರಿತು. ಏಳು ಮಕ್ಕಳಿಗೆ ಏಳು ಹೊಲ ಎಲ್ಲಿಂದ ತರುವುದು? 1970ರ ದಶಕದಿಂದ ಈಚೆಗೆ ಮನೆಯ ಪಕ್ಕದಲ್ಲೇ ಸಣ್ಣ ಅಂಗಡಿಗಳು ಎದ್ದವು. ಮರಗೆಲಸ, ಕಮ್ಮಾರಿಕೆ, ಗಾಡಿ ಕಟ್ಟುವುದು, ಹೂವಿನ ಸಸಿ, ಬೇಕರಿ. ಫಿಲಡೆಲ್ಫಿಯಾ ನಗರದ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋದರೆ ಆಮಿಶ್ ಹೆಣ್ಣುಮಕ್ಕಳು ಪ್ರೆಟ್ಜೆಲ್ ಅನ್ನುವ ಗಂಟಿನಾಕಾರದ ಬ್ರೆಡ್ಡನ್ನು ಬಿಸಿಬಿಸಿ ಮಾರುವುದನ್ನು ನೋಡಬಹುದು. ಭಾನುವಾರ ಅವರ ಅಂಗಡಿ ಇರುವುದಿಲ್ಲ. ಇವತ್ತು ಹೊಲದಿಂದ ಜೀವನ ಮಾಡುವವರಿಗಿಂತ ಬೇರೆ ಕೆಲಸ ಮಾಡುವವರೇ ಜಾಸ್ತಿ. ಮರದ ಅಂಗಡಿಗಳಲ್ಲಿ ಹದಿಹರೆಯದವರು ಕೆಲಸ ಕಲಿಯಲು ಬಾಲಕಾರ್ಮಿಕ ಕಾನೂನು ಅಡ್ಡ ಬಂದಾಗ 2004ರಲ್ಲಿ ಕಾನೂನನ್ನೇ ಸ್ವಲ್ಪ ಸಡಿಲಿಸಿದರು. 14ರಿಂದ 18 ವರ್ಷದವರು ದೊಡ್ಡವರ ಕಣ್ಣಳತೆಯಲ್ಲಿ ಅಲ್ಲಿರಬಹುದು, ಯಂತ್ರ ಮುಟ್ಟುವಂತಿಲ್ಲ.

ಅಂಗಡಿ ಮನೆಯ ಪಕ್ಕದಲ್ಲಿದ್ದರೆ ಅಪ್ಪ ಮನೆಯಲ್ಲೇ ಇದ್ದ ಹಾಗೆ. ಅವರ ಹಿರಿಯರ ಚಿಂತೆ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುವ ಅಪ್ಪನ ಬಗ್ಗೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತ ಚಕ್ರದ ಮೇಲಿನ ಮನೆಗಳನ್ನು, ಆರ್‌ವಿ ಅನ್ನುತ್ತಾರಲ್ಲ ಅವನ್ನು, ತಯಾರಿಸುವ ಕಾರ್ಖಾನೆಗಳಿವೆ. ಸಾವಿರಾರು ಆಮಿಶರು ಅಲ್ಲಿ ದುಡಿಯುತ್ತಾರೆ. ಸಂಬಳ ಒಳ್ಳೆಯದು. ಆದರೆ ಕೆಲಸ ಮಾಡುವ ಅಪ್ಪನನ್ನು ಮಕ್ಕಳು ನೋಡುವುದಿಲ್ಲ. ಕೈಯಲ್ಲಿ ಕಾಸಿದೆ, ಮಧ್ಯಾಹ್ನದ ಮೇಲೆ ಬಿಡುವಿದೆ, ಪಕ್ಕದವನ ಹೊಲಕ್ಕೆ ಹೋಗುವ ಪ್ರಮೇಯವಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಆ ಕಾರ್ಖಾನೆಗಳು ಜನರನ್ನು ತೆಗೆದಾಗ ಆ ಅಪ್ಪಂದಿರಲ್ಲಿ ಎಷ್ಟೋ ಜನ ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಹೊಲದವನಿಗೆ ಬೆಳೆ ಹೋಗಬಹುದು, ಕೆಲಸ ಹೋಗುವುದಿಲ್ಲ.

ಈಗ ಅವರ ಮುಂದಿರುವ ದೊಡ್ಡ ಪ್ರಶ್ನೆ ಮತ್ತೆ ಫೋನೇ. ಮೊಬೈಲಿಗೆ ತಂತಿಯಿಲ್ಲ, ಹೊಲದ ಅಂಚಿನಲ್ಲಿ ನಿಲ್ಲಿಸಲು ಗೂಡೂ ಸಾಲದು. ಅದು ಜೇಬಿನಲ್ಲಿ ಕೂತು ಮನೆಯೊಳಗೆ ಬರುತ್ತದೆ. ಮನೆ ಕಟ್ಟುವ ಮೇಸ್ತ್ರಿಗಳು, ಅಂಗಡಿಯವರು ವ್ಯವಹಾರಕ್ಕೆ ಬೇಕೇಬೇಕು ಅನ್ನುತ್ತಾರೆ. ಕೆಲವು ಸಭೆಗಳು ಒಪ್ಪಿವೆ, ಕೆಲವು ಇಲ್ಲ. ಕೆಲವು ಕಡೆ ಕಂಡೂ ಕಾಣದಂತೆ ಇದ್ದಾರೆ.

ನನ್ನ ಮೇಜು ಬಂದ ದಿನದ ಮಾತು ಹೇಳಿ ನಿಲ್ಲಿಸುತ್ತೇನೆ. ಬಾಡಿಗೆ ವ್ಯಾನಿನಲ್ಲಿ ಬಡಗಿ, ಅವರ ಮಗ, ಅವರ ಅಪ್ಪ, ಮೂವರೂ ಬಂದಿದ್ದರು. ಓಕ್ ಮರದ, ಆರು ಜನ ಕೂರುವ ಮೇಜು. ಅಡಿಯಲ್ಲಿ ನಿಮ್ಮ ಹೆಸರು ಬರೆದುಕೊಡಿ ಅಂತ ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾರ ಹೆಸರು ಬರೆಯಲಿ? ಕಾಲು ಕಡೆದವನು ಪಕ್ಕದ ಅಂಗಡಿಯವನು. ಹಲಗೆ ಕೂಡಿಸಿದ್ದು ನಾನು ಮತ್ತು ಮಗ. ಉಜ್ಜಿ ನಯ ಮಾಡಿದ್ದು ಅಪ್ಪ" ಅಂದರು. ಹೆಸರು ಬರೆಯಲಿಲ್ಲ. ಹೊರಡುವಾಗ ಮಗನ ಜೇಬಿನಲ್ಲಿ ಮೊಬೈಲ್ ಸದ್ದು ಮಾಡಿತು. ಅವನು ಅಜ್ಜನ ಮುಖ ನೋಡಿದ. ಅಜ್ಜ ಏನೂ ಹೇಳಲಿಲ್ಲ. ಸಂಜೆ ಅಂಗಡಿಗೆ ಬೀಗ ಹಾಕುವಾಗ ಅದನ್ನು ಅಲ್ಲೇ ಡ್ರಾಯರಿನಲ್ಲಿ ಇಟ್ಟು ಮನೆಗೆ ಹೋಗುತ್ತೇವೆ ಅಂತ ಬಡಗಿ ನನಗೆ ಹೇಳಿದರು. ಸದ್ಯಕ್ಕೆ ತಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಅದು ಅಂದರು. ವಸಂತದಲ್ಲಿ ಸಭೆ ಸೇರಿದಾಗ ಆ ಮಾತು ಮತ್ತೆ ಬರಲಿತ್ತು.